ಚಿನ್ನ ಹುಡುಕುವ ಕಂಪನಿಯ ಷೇರು: ದುಡ್ಡು ಕೊಟ್ಟು ಕೊಳ್ಳುವುದು ಏನನ್ನು?

2020ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರದಲ್ಲಿ 3,000 ಟನ್‌ಗೂ ಜಾಸ್ತಿ ಚಿನ್ನ ಸಿಕ್ಕಿದೆ ಅಂತ ಸುದ್ದಿ ಹಬ್ಬಿತು. ಆಗ ರಿಸರ್ವ್ ಬ್ಯಾಂಕಿನ ಹತ್ತಿರ ಇದ್ದ ಚಿನ್ನವೇ 600 ಟನ್ ಚಿಲ್ಲರೆ. ದೇಶದ ಸಾಲವೆಲ್ಲ ತೀರಿತು ಅಂತ ವಾಟ್ಸಾಪಿನಲ್ಲಿ ಲೆಕ್ಕ ಹಾಕಿದವರೂ ಇದ್ದರು. ಆಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ನಾವು ಹಾಗೆ ಹೇಳಿಯೇ ಇಲ್ಲ ಎಂದಿತು. ಅವರ ಲೆಕ್ಕದಲ್ಲಿ ಅಲ್ಲಿದ್ದದ್ದು 52,806.25 ಟನ್ ಅದಿರು. ಒಂದು ಟನ್ ಅದಿರಿನಲ್ಲಿ ಸರಾಸರಿ 3.03 ಗ್ರಾಂ ಚಿನ್ನ. ಎರಡನ್ನೂ ಗುಣಿಸಿ ನೋಡಿ, 160 ಕಿಲೋ ಬರುತ್ತದೆ. ಟನ್ ಅಲ್ಲ, ಕಿಲೋ.

ಸರ್ಕಾರಿ ಸುದ್ದಿಯಾದ್ದರಿಂದ ಯಾರ ದುಡ್ಡೂ ಹೋಗಲಿಲ್ಲ. ಅದೇ ಗೊಂದಲ ಷೇರುಪೇಟೆಯಲ್ಲಿರುವ ಒಂದು ಸಣ್ಣ ಕಂಪನಿಯ ಹೆಸರಿನಲ್ಲಿ ಆಗಿದ್ದರೆ? ಸುದ್ದಿ ಬಂದ ಬೆಳಿಗ್ಗೆ ಕೊಂಡವರು ಸಂಜೆಗೆ ಮುಳುಗಿರುತ್ತಿದ್ದರು. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಇಂಥ ಕಂಪನಿಗಳು ನೂರಾರು ಇವೆ. ಟೊರಾಂಟೊ, ಪರ್ತ್‌ಗಳಲ್ಲಿ ನೆಲೆಸಿರುವ ನಮ್ಮವರಿಗೆ ಇವು ಆಫೀಸಿನ ಊಟದ ಹೊತ್ತಿನ ಮಾತು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಇಲ್ಲಿಂದಲೂ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದಾದ್ದರಿಂದ, ಬೆಂಗಳೂರಿನಲ್ಲಿ ಕೂತೂ ಈ ಷೇರುಗಳನ್ನು ಕೊಳ್ಳಲು ಸಾಧ್ಯ.

ಇವಕ್ಕೆ ಪೇಟೆಯಲ್ಲಿ ಜೂನಿಯರ್ ಕಂಪನಿಗಳು ಅನ್ನುತ್ತಾರೆ. ಇವುಗಳ ಹತ್ತಿರ ಗಣಿ ಇಲ್ಲ, ಮಾರಲು ಲೋಹ ಇಲ್ಲ, ಆದಾಯವೂ ಇಲ್ಲ. ಒಂದಿಷ್ಟು ಜಾಗದಲ್ಲಿ ಹುಡುಕುವ ಹಕ್ಕು, ನಾಲ್ಕಾರು ಭೂವಿಜ್ಞಾನಿಗಳು, ಬ್ಯಾಂಕಿನಲ್ಲಿ ಒಂದೆರಡು ವರ್ಷಕ್ಕೆ ಸಾಲುವ ದುಡ್ಡು, ಇಷ್ಟೇ ಆಸ್ತಿ. ಸಂಬಳ, ಬಾಡಿಗೆ, ಕೊರೆಯುವ ಖರ್ಚು ಎಲ್ಲ ಬರುವುದು ಹೊಸ ಷೇರು ಮಾರಿದ ದುಡ್ಡಿನಿಂದ. ಈ ವ್ಯವಹಾರದಲ್ಲಿ ಮಾರಾಟದ ಸರಕು ಷೇರೇ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಕೋಲಾರದ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಇದರ ಮನಸ್ಥಿತಿ ಗೊತ್ತು. ಪಾಯಿಂಟ್ ತೋರಿಸುವವನಿಗೆ ಅವನ ಕೂಲಿ ಸಿಗುತ್ತದೆ. ಲಾರಿಯವನಿಗೆ ಅಡಿ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ನೀರು ಬಂದರೂ ಸರಿ, ಬರೀ ಧೂಳು ಬಂದರೂ ಸರಿ. ಫೇಲಾದರೆ ನಷ್ಟ ಜಮೀನಿನವನದು ಮಾತ್ರ. ಜೂನಿಯರ್ ಕಂಪನಿಯಲ್ಲಿ ಜಮೀನಿನವನ ಜಾಗದಲ್ಲಿ ನಿಂತಿರುವವರು ಷೇರುದಾರರು. ಒಂದೇ ವ್ಯತ್ಯಾಸ ಅಂದರೆ, ಇಲ್ಲಿ ಲಾರಿ ಬರುವ ಮೊದಲೇ ನಿಮ್ಮ ಪಾಲನ್ನು ಇನ್ನೊಬ್ಬರಿಗೆ ಮಾರಿ ಹೋಗಬಹುದು. ಆಟ ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ.

ಇದು ಹೊಸ ಕಥೆಯಲ್ಲ. 1880ರ ಸುಮಾರಿಗೆ ಲಂಡನ್ನಿನಲ್ಲಿ ದಕ್ಷಿಣ ಭಾರತದ ಚಿನ್ನದ ಹುಚ್ಚು ಎದ್ದಿತ್ತು. ಆಸ್ಟ್ರೇಲಿಯಾದಿಂದ ಬಂದ ಬ್ರೋ ಸ್ಮಿತ್ ಎಂಬ ತಜ್ಞ ವಯನಾಡಿನ ಚಿನ್ನದ ಬಗ್ಗೆ ವರದಿ ಕೊಟ್ಟ. ಅಷ್ಟು ಸಾಕಾಯಿತು. ಹತ್ತಾರು ಕಂಪನಿಗಳು ಹುಟ್ಟಿದವು, ಹತ್ತಾರು ಲಕ್ಷ ಪೌಂಡ್ ಬಂಡವಾಳ ಎತ್ತಲಾಯಿತು. ಈಗ ನೀಲಗಿರಿ ಜಿಲ್ಲೆಯಲ್ಲಿರುವ ದೇವಾಲಾ, ಪಂದಲೂರು ಕಡೆಯ ಕಾಫಿ ತೋಟಗಳು ಗಣಿಯ ಹೆಸರಿನಲ್ಲಿ ಕೈ ಬದಲಿಸಿದವು. ಎತ್ತಿದ ದುಡ್ಡಿನ ದೊಡ್ಡ ಪಾಲು ಜಾಗ ಮಾರಿದವರಿಗೂ ಕಂಪನಿ ಕಟ್ಟಿದವರಿಗೂ ಹೋಯಿತು. ಬಂಡೆಯಲ್ಲಿ ಚಿನ್ನ ಇತ್ತು, ಸುಳ್ಳಲ್ಲ. ಆದರೆ ಖರ್ಚು ಹುಟ್ಟುವಷ್ಟು ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲ ಮುಚ್ಚಿದವು.

ಅದೇ ಹುಚ್ಚಿನಲ್ಲಿ ಹುಟ್ಟಿದ ಇನ್ನೊಂದು ಕಂಪನಿ ನಮ್ಮ ಕೋಲಾರದ್ದು. ಮೈಕೆಲ್ ಲಾವೆಲ್ ಎಂಬ ನಿವೃತ್ತ ಸೈನಿಕ 1875ರಲ್ಲಿ ಮೈಸೂರು ಸರ್ಕಾರದಿಂದ ಹುಡುಕುವ ಹಕ್ಕು ಪಡೆದಿದ್ದ. ಅದನ್ನು ನಡೆಸುವಷ್ಟು ದುಡ್ಡು ಅವನ ಬಳಿ ಇರಲಿಲ್ಲ, ಹಕ್ಕು ಬೇರೆಯವರ ಕೈಗೆ ಹೋಯಿತು. 1880ರಲ್ಲಿ ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಬಂತು. ಅಗೆದರು, ಅಗೆದರು, ಬಂಡವಾಳ ಕರಗಿತು. ಇನ್ನು ಮುಚ್ಚೋಣ ಅಂತ ಷೇರುದಾರರು ಹಟ ಹಿಡಿದಾಗ, ನಿರ್ವಹಣೆ ಮಾಡುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಉಳಿದ ಅಲ್ಪ ಹಣದಲ್ಲಿ ಇನ್ನೊಂದು ಸಲ ನೋಡೋಣ ಎಂದು ಒಪ್ಪಿಸಿತು. ಹಾಗೆ ಸಿಕ್ಕಿದ್ದು ಚಾಂಪಿಯನ್ ರೀಫ್ ಎಂಬ ಚಿನ್ನದ ಎಳೆ. 2001ರಲ್ಲಿ ಕೆಜಿಎಫ್ ಮುಚ್ಚುವ ಹೊತ್ತಿಗೆ ಅಲ್ಲಿಂದ 800 ಟನ್‌ಗೂ ಹೆಚ್ಚು ಚಿನ್ನ ಹೊರಬಂದಿತ್ತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಕೋಲಾರವನ್ನು ಮಾತ್ರ ಹೇಳುತ್ತಾರೆ. ತಾಳ್ಮೆ ಇದ್ದವನಿಗೆ ಚಿನ್ನ ಅಂತ ತೀರ್ಪು ಕೊಟ್ಟು ಮುಗಿಸುತ್ತಾರೆ. ವಯನಾಡಿನವರಿಗೂ ತಾಳ್ಮೆ ಇದ್ದಿರಬಹುದು, ಅಲ್ವಾ? ಬಂಡೆಯಲ್ಲಿ ಇಲ್ಲದ್ದನ್ನು ತಾಳ್ಮೆ ತಂದುಕೊಡುವುದಿಲ್ಲ. 1881ರಲ್ಲಿ ಲಂಡನ್ನಿನಲ್ಲಿ ಕೂತವನಿಗೆ ಎರಡೂ ಕಂಪನಿಗಳ ಜಾಹೀರಾತು ಒಂದೇ ಥರ ಕಂಡಿರುತ್ತದೆ. ಇವತ್ತಿನ ಹೂಡಿಕೆದಾರನ ಕಷ್ಟವೂ ಅದೇ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಹೆಚ್ಚಿನವರು ಎಡವುವುದು ಭೂವಿಜ್ಞಾನದಲ್ಲಲ್ಲ, ಇಲ್ಲಿ.

ಒಂದು ಕಲ್ಪಿತ ಕಂಪನಿ ತೆಗೆದುಕೊಳ್ಳಿ. 5 ಕೋಟಿ ಷೇರು, ಒಂದಕ್ಕೆ 10 ರೂಪಾಯಿ. ಕಂಪನಿಯ ಒಟ್ಟು ಬೆಲೆ 50 ಕೋಟಿ. ನೀವು 10 ಲಕ್ಷ ಕೊಟ್ಟು 1 ಲಕ್ಷ ಷೇರು ಕೊಂಡಿರಿ. ಕಂಪನಿ ಕೊರೆಯುತ್ತದೆ, ದುಡ್ಡು ಮುಗಿಯುತ್ತದೆ, ಹೊಸ ಷೇರು ಮಾರುತ್ತದೆ. ಮತ್ತೆ ಕೊರೆಯುತ್ತದೆ, ಮತ್ತೆ ಮಾರುತ್ತದೆ. ಹೊಸಬರಿಗೆ ಆಸೆ ತೋರಿಸಲು ಷೇರಿನ ಜೊತೆ ವಾರಂಟ್ ಕೊಡುತ್ತದೆ, ಅಂದರೆ ಮುಂದೆ ಇಂತಿಷ್ಟು ಬೆಲೆಗೆ ಇನ್ನೊಂದು ಷೇರು ಕೊಳ್ಳುವ ಹಕ್ಕು. ಆರೇಳು ವರ್ಷದಲ್ಲಿ ಷೇರುಗಳ ಸಂಖ್ಯೆ 20 ಕೋಟಿ ಆಯಿತು ಅನ್ನೋಣ. ಆಗ ನಿಜವಾಗಿಯೂ ಅದಿರು ಸಿಕ್ಕಿತು. ಕಂಪನಿಯ ಬೆಲೆ 200 ಕೋಟಿಗೆ ಏರಿತು. ನಾಲ್ಕು ಪಟ್ಟು! ನಿಮ್ಮ ಷೇರಿನ ಬೆಲೆ ಎಷ್ಟು? 200 ಕೋಟಿಯನ್ನು 20 ಕೋಟಿಯಿಂದ ಭಾಗಿಸಿ. ಹತ್ತೇ ರೂಪಾಯಿ.

ಮೋಸ ಎಲ್ಲೂ ಆಗಿಲ್ಲ. ಚಿನ್ನವೂ ಸಿಕ್ಕಿದೆ. ಆದರೂ ನೀವು ಇದ್ದಲ್ಲೇ ಇದ್ದೀರಿ, ಆರೇಳು ವರ್ಷದ ಬಡ್ಡಿ ಹೋಯಿತು. ಇದಕ್ಕೆ ಡೈಲ್ಯೂಷನ್ ಅನ್ನುತ್ತಾರೆ. ಹಾಗಾಗಿ ಇಂಥ ಕಂಪನಿ ನೋಡುವಾಗ ನಕ್ಷೆ, ಹೊಳೆಯುವ ಕಲ್ಲಿನ ಫೋಟೋ ಬದಿಗಿಟ್ಟು ಮೊದಲು ಲೆಕ್ಕಪತ್ರ ತೆರೆಯಬೇಕು. ವಾರಂಟ್, ಆಪ್ಷನ್ (ನಿರ್ದೇಶಕರಿಗೆ, ನೌಕರರಿಗೆ ಕೊಡುವ ಇಂಥದೇ ಹಕ್ಕು) ಸೇರಿಸಿ ಒಟ್ಟು ಎಷ್ಟು ಷೇರು ಆಗಬಹುದು? ಬ್ಯಾಂಕಿನಲ್ಲಿ ಎಷ್ಟು ತಿಂಗಳ ದುಡ್ಡಿದೆ? ಕಳೆದ ವರ್ಷ ನೆಲ ಕೊರೆಯಲು ಎಷ್ಟು ಹೋಯಿತು, ಸಂಬಳಕ್ಕೂ ಪ್ರಚಾರಕ್ಕೂ ಎಷ್ಟು ಹೋಯಿತು? ಆಫೀಸಿನ ಖರ್ಚು ಕೊರೆತದ ಖರ್ಚನ್ನು ಮೀರಿದ್ದರೆ ಆ ಕಂಪನಿಯ ನಿಜವಾದ ಗಣಿ ಅದರ ಷೇರುದಾರರು. ನಿರ್ದೇಶಕರು ಸ್ವಂತ ದುಡ್ಡಿನಿಂದ ಪೇಟೆಯ ಬೆಲೆಗೆ ಷೇರು ಕೊಂಡಿದ್ದಾರಾ, ಪುಕ್ಕಟೆ ಆಪ್ಷನ್ ಪಡೆದು ಕೂತಿದ್ದಾರಾ ಅನ್ನುವುದೂ ತಿಳಿಯುತ್ತದೆ. ಇದನ್ನೆಲ್ಲ ನೋಡಲು ಭೂವಿಜ್ಞಾನ ಓದಿರಬೇಕಿಲ್ಲ.

ಇನ್ನು ಕೊರೆತದ ಫಲಿತಾಂಶ. ನೆಲದಿಂದ ಉದ್ದನೆಯ ಕಲ್ಲಿನ ಕಂಬಿ ತೆಗೆಯುತ್ತಾರೆ, ಅದಕ್ಕೆ ಕೋರ್ ಅಂತ ಹೆಸರು. ಉದ್ದಕ್ಕೆ ಸೀಳಿ ಅರ್ಧವನ್ನು ಲ್ಯಾಬಿಗೆ ಕಳಿಸುತ್ತಾರೆ, ಇನ್ನರ್ಧವನ್ನು ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಆಮೇಲೆ ಪ್ರಕಟಣೆ ಬರುತ್ತದೆ: "50 ಮೀಟರ್ ಉದ್ದಕ್ಕೆ ಟನ್ನಿಗೆ 2 ಗ್ರಾಂ ಚಿನ್ನ, ಅದರೊಳಗೆ 2 ಮೀಟರ್‌ನಲ್ಲಿ 45 ಗ್ರಾಂ." ಭಾರಿ ಅನಿಸುತ್ತದೆ. ಲೆಕ್ಕ ಮಾಡಿ. 50 ಗುಣಿಸು 2, ಒಟ್ಟು 100. ಒಳಗಿನ ಎರಡೇ ಮೀಟರಿನ ಪಾಲು 90. ಉಳಿದ 48 ಮೀಟರಿಗೆ ಹಂಚಿಕೆಯಾಗುವುದು ಬರೀ 10, ಅಂದರೆ ಟನ್ನಿಗೆ 0.2 ಗ್ರಾಂ. ಅದು ಹೆಚ್ಚುಕಡಿಮೆ ಬರೀ ಕಲ್ಲು. ಸಿಕ್ಕಿರುವುದು 50 ಮೀಟರ್ ಅದಿರಲ್ಲ, ಎರಡು ಮೀಟರಿನ ತೆಳು ಎಳೆ. ಆ ಎಳೆಯೂ ನಿಜಕ್ಕೆ ಎರಡು ಮೀಟರ್ ದಪ್ಪ ಇದೆಯಾ ಅಂತ ಕೇಳಬೇಕು. ಎಳೆ ಇಳಿಯುವ ದಿಕ್ಕಿನಲ್ಲೇ ಓರೆಯಾಗಿ ಕೊರೆದರೆ ಅರ್ಧ ಮೀಟರಿನದೂ ಉದ್ದ ಕಾಣುತ್ತದೆ. ಒಳ್ಳೆಯ ಕಂಪನಿ ನಿಜವಾದ ದಪ್ಪವನ್ನು ತಾನೇ ಹೇಳುತ್ತದೆ.

ಇದಾದ ಮೇಲೆ "ಇಷ್ಟು ಟನ್ ಇದೆ" ಅನ್ನುವ ಮಾತು. ಇಲ್ಲಿ ಮೆಟ್ಟಿಲುಗಳಿವೆ. ಕೆಲವೇ ಕಡೆ ಕೊರೆದು ನಡುವಿನ ಜಾಗವನ್ನು ಊಹಿಸಿದರೆ ಅದು ಇನ್ಫರ್ಡ್. ಹತ್ತಿರ ಹತ್ತಿರ ಕೊರೆದರೆ ಇಂಡಿಕೇಟೆಡ್, ಇನ್ನೂ ಒತ್ತಾಗಿ ಕೊರೆದರೆ ಮೆಷರ್ಡ್. ಇವೆಲ್ಲ ರಿಸೋರ್ಸ್. ತೆಗೆಯುವ ಖರ್ಚು, ಲೋಹದ ಬೆಲೆ, ಅನುಮತಿ ಎಲ್ಲ ಲೆಕ್ಕ ಹಾಕಿ ಲಾಭವಾಗುತ್ತದೆ ಅಂತ ಖಚಿತವಾದ ಭಾಗಕ್ಕೆ ಮಾತ್ರ ರಿಸರ್ವ್ ಅನ್ನಬೇಕು. ನಮ್ಮ ಟಿವಿಗಳಲ್ಲಿ ಎಲ್ಲವೂ "ನಿಕ್ಷೇಪ ಪತ್ತೆ"!

ಮಂಡ್ಯದ ಮರ್ಲಗಲ್ಲದ ಲಿಥಿಯಂ ನೆನಪಿದೆಯಾ? 2020ರಲ್ಲಿ 14,100 ಟನ್ ಅಂತ ಪತ್ರಿಕೆಗಳಲ್ಲಿ ಬಂತು. 2021ರಲ್ಲಿ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು 1,600 ಟನ್, ಅದೂ ಇನ್ಫರ್ಡ್ ಮೆಟ್ಟಿಲಿನದು. 2023ರಲ್ಲಿ ಜಮ್ಮು-ಕಾಶ್ಮೀರದ ರಿಯಾಸಿಯ 59 ಲಕ್ಷ ಟನ್ ಸುದ್ದಿ ಬಂತು. ಅದು ಲಿಥಿಯಂ ಅಲ್ಲ, ಲಿಥಿಯಂ ಇರುವ ಅದಿರು. ಅದೂ ಇನ್ಫರ್ಡ್. ಹರಾಜಿಗಿಟ್ಟಾಗ ಸಾಕಷ್ಟು ಬಿಡ್ಡುದಾರರೇ ಬರಲಿಲ್ಲ. ಸುದ್ದಿ ನೋಡಿ ಸಂಭ್ರಮಿಸಿದವರಿಗಿಂತ ಗಣಿ ಕಂಪನಿಗಳಿಗೆ ಆ ಮೆಟ್ಟಿಲಿನ ಅರ್ಥ ಚೆನ್ನಾಗಿ ಗೊತ್ತಿತ್ತು.

ಇಷ್ಟು ಹೊತ್ತು ಹೇಳಿದ್ದು ಪ್ರಾಮಾಣಿಕ ಕಂಪನಿಗಳ ವಿಷಯ. ಪ್ರಾಮಾಣಿಕರಲ್ಲದವರ ಕಥೆ ಬೇಕಿದ್ದರೆ ಬ್ರೆ-ಎಕ್ಸ್ ಒಂದೇ ಸಾಕು.

ಕೆನಡಾದ ಕ್ಯಾಲ್ಗರಿಯ ಈ ಪುಟ್ಟ ಕಂಪನಿ 1993ರಲ್ಲಿ ಇಂಡೋನೇಷ್ಯಾದ ಬೋರ್ನಿಯೊ ಕಾಡಿನ ಬುಸಾಂಗ್ ಎಂಬ ಜಾಗ ಹಿಡಿಯಿತು. ಕೊರೆದಂತೆಲ್ಲ ಚಿನ್ನದ ಅಂಕಿ ಏರುತ್ತಾ ಹೋಯಿತು. ಕೊನೆಗೆ 7 ಕೋಟಿ ಔನ್ಸ್, ಅಂದರೆ 2,000 ಟನ್‌ಗೂ ಮಿಕ್ಕಿ. ಕೆಜಿಎಫ್ ನೂರಿಪ್ಪತ್ತು ವರ್ಷ ಕೊಟ್ಟದ್ದರ ಎರಡೂವರೆ ಪಟ್ಟು. 20 ಕೋಟಿ ಔನ್ಸ್ ಇರಬಹುದು ಅನ್ನುವ ಮಾತೂ ತೇಲಿತು. ಪುಡಿಗಾಸಿನ ಷೇರು ಹೊಂದಿದ್ದ ಕಂಪನಿಯ ಬೆಲೆ ಸುಮಾರು 600 ಕೋಟಿ ಕೆನಡಾ ಡಾಲರ್ ಮುಟ್ಟಿತು. ಸಾಮಾನ್ಯ ಜನ ಮಾತ್ರ ಅಲ್ಲ, ಒಂಟಾರಿಯೊದ ಶಿಕ್ಷಕರ ಪಿಂಚಣಿ ನಿಧಿಯಂಥ ದೊಡ್ಡ ನಿಧಿಗಳೂ ಕೊಂಡವು.

ಎಚ್ಚರಿಕೆಯ ಗುರುತುಗಳು ಇದ್ದವು. ಕೋರ್ ಸೀಳಿ ಅರ್ಧ ಉಳಿಸಿಕೊಳ್ಳಬೇಕು ಅಂದೆನಲ್ಲ, ಇವರು ಪೂರ್ತಿ ಕೋರನ್ನು ಪುಡಿ ಮಾಡುತ್ತಿದ್ದರು. ಇಲ್ಲಿನ ಚಿನ್ನ ಒಂದೇ ಸಮ ಹರಡಿಲ್ಲ, ಅದಕ್ಕೇ ದೊಡ್ಡ ಸ್ಯಾಂಪಲ್ ಬೇಕು ಅನ್ನುವುದು ಅವರ ಸಬೂಬು. ಹೀಗೆ ಮಾಡಿದರೆ ಬೇರೆಯವರು ಮತ್ತೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಚಿನ್ನದ ಕಣಗಳ ಅಂಚು ನಯವಾಗಿ ಉರುಟಾಗಿತ್ತು. ಬಂಡೆಯಿಂದ ಬಿಡಿಸಿದ ಕಣ ಹಾಗಿರುವುದಿಲ್ಲ, ನದಿಯ ಮರಳಿನಲ್ಲಿ ಉರುಳಿದ್ದು ಹಾಗಿರುತ್ತದೆ. 1997ರ ಜನವರಿಯಲ್ಲಿ ಕ್ಯಾಂಪಿನಲ್ಲಿ ಬೆಂಕಿ ಬಿದ್ದು ದಾಖಲೆಗಳು ಸುಟ್ಟವು. ನಿಕ್ಷೇಪದ ಗಾತ್ರ ಲೆಕ್ಕ ಹಾಕಿದ್ದು ಹೆಸರುವಾಸಿ ಎಂಜಿನಿಯರಿಂಗ್ ಸಂಸ್ಥೆಯೇ. ಆದರೆ ಅದು ಕಂಪನಿ ಕೊಟ್ಟ ಅಂಕಿಗಳ ಮೇಲೆ ಲೆಕ್ಕ ಮಾಡಿತ್ತು, ತಾನೇ ಸ್ಯಾಂಪಲ್ ತೆಗೆದಿರಲಿಲ್ಲ.

ಪಾಲುದಾರನಾಗಿ ಬಂದ ಅಮೆರಿಕದ ಫ್ರೀಪೋರ್ಟ್ ಕಂಪನಿ ಮಾಡಿದ್ದು ಸರಳ ಕೆಲಸ. ಬ್ರೆ-ಎಕ್ಸ್ ಕೊರೆದ ಜಾಗದ ಪಕ್ಕದಲ್ಲೇ ತಾನೂ ಕೊರೆದು ನೋಡಿತು. ಚಿನ್ನ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 1997ರ ಮಾರ್ಚ್ 19ರಂದು ಸೈಟಿನ ಭೂವಿಜ್ಞಾನಿ ಮೈಕೆಲ್ ಡಿ ಗುಜ್‌ಮನ್ ಹೆಲಿಕಾಪ್ಟರಿನಿಂದ ಕೆಳಗೆ ಬಿದ್ದು ಸತ್ತ. ಅದಾಗಿ ಒಂದು ವಾರಕ್ಕೆ ಫ್ರೀಪೋರ್ಟ್ ತನ್ನ ಫಲಿತಾಂಶ ಹೇಳಿತು, ಷೇರು ನೆಲಕಚ್ಚಿತು. ಮೇ ತಿಂಗಳಲ್ಲಿ ಸ್ಟ್ರಾತ್‌ಕೋನಾ ಎಂಬ ಸ್ವತಂತ್ರ ಸಂಸ್ಥೆ ತನಿಖೆ ಮುಗಿಸಿ, ಸ್ಯಾಂಪಲ್‌ಗಳಿಗೆ ಹೊರಗಿನಿಂದ ಚಿನ್ನ ಬೆರೆಸಲಾಗಿದೆ ಎಂದು ಖಚಿತಪಡಿಸಿತು. ಮುಖ್ಯ ಭೂವಿಜ್ಞಾನಿ ಜಾನ್ ಫೆಲ್ಡರ್‌ಹಾಫ್ ಮೇಲೆ ಒಳಮಾಹಿತಿ ಬಳಸಿ ಷೇರು ಮಾರಿದ ಆರೋಪ ಬಂತು. 2007ರಲ್ಲಿ ಅವರು ಖುಲಾಸೆಯಾದರು. ಯಾರಿಗೂ ಜೈಲಾಗಲಿಲ್ಲ.

ಇದರಿಂದ ಆದ ಒಳ್ಳೆಯದು ಅಂದರೆ 2001ರಲ್ಲಿ ಕೆನಡಾ ತಂದ ಎನ್‌ಐ 43-101 ನಿಯಮ. ನಿಕ್ಷೇಪದ ಅಂಕಿ ಪ್ರಕಟಿಸುವಾಗ ಅರ್ಹ ತಜ್ಞನೊಬ್ಬ ಹೆಸರು ಹಾಕಿ ಹೊಣೆ ಹೊರಬೇಕು, ಸ್ಯಾಂಪಲ್ ಹೇಗೆ ತೆಗೆದರು, ಎಲ್ಲಿ ಪರೀಕ್ಷಿಸಿದರು ಅಂತ ವರದಿಯಲ್ಲಿ ಬರೆಯಬೇಕು. ಆಸ್ಟ್ರೇಲಿಯಾದಲ್ಲಿ ಜೋರ್ಕ್ ಎಂಬ ನಿಯಮಾವಳಿ ಇದೆ. ಈ ವರದಿಗಳು ಯಾರು ಬೇಕಾದರೂ ಓದಲು ಸಿಗುತ್ತವೆ. ಕಂಪನಿಯ ಬಣ್ಣದ ಸ್ಲೈಡುಗಳಿಗಿಂತ ಆ ಬೇಸರದ ವರದಿಯ ಅಪಾಯಗಳ ಪುಟ ಸಾವಿರ ಪಾಲು ಮೇಲು. ನಿಯಮ ಬಂದಿರುವುದರಿಂದ ಮೋಸ ಕಷ್ಟವಾಗಿದೆ. ಆದರೆ ಪ್ರಾಮಾಣಿಕವಾಗಿ ಬರಿಗೈಯಲ್ಲಿ ವಾಪಸಾಗುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಹೆಚ್ಚಿನ ದುಡ್ಡು ಹೋಗುವುದು ಹಾಗೆಯೇ.

ಇಷ್ಟೆಲ್ಲ ಇದ್ದೂ ಜನ ಯಾಕೆ ಬರುತ್ತಾರೆ? ವಾಯ್ಸೀಸ್ ಬೇ ಥರದ ಕಥೆಗಳಿಂದ. 1993ರಲ್ಲಿ ಕೆನಡಾದ ಲ್ಯಾಬ್ರಡಾರಿನಲ್ಲಿ ಆಲ್ಬರ್ಟ್ ಚಿಸ್ಲೆಟ್, ಕ್ರಿಸ್ ವರ್ಬಿಸ್ಕಿ ಎಂಬಿಬ್ಬರು ಡೈಮಂಡ್ ಫೀಲ್ಡ್ಸ್ ಎಂಬ ಸಣ್ಣ ಕಂಪನಿಗಾಗಿ ವಜ್ರ ಹುಡುಕುತ್ತಿದ್ದರು. ತುಕ್ಕು ಬಣ್ಣದ ಬಂಡೆಯೊಂದು ಕಣ್ಣಿಗೆ ಬಿತ್ತು. ವಜ್ರ ಅಲ್ಲ, ನಿಕಲ್, ತಾಮ್ರ, ಕೋಬಾಲ್ಟ್. 1996ರಲ್ಲಿ ಇಂಕೋ ಎಂಬ ದೈತ್ಯ ಕಂಪನಿ ಇದನ್ನು 430 ಕೋಟಿ ಕೆನಡಾ ಡಾಲರ್‌ಗೆ ಕೊಂಡಿತು. ಮೊದಲಿನಿಂದ ಷೇರು ಇಟ್ಟುಕೊಂಡಿದ್ದವರ ನಸೀಬು ಮೂರೇ ವರ್ಷದಲ್ಲಿ ಬದಲಾಯಿತು. ಕೊಂಡ ಇಂಕೋಗೆ ಮಾತ್ರ ಗಣಿ ಶುರುಮಾಡಲು 2005 ಆಗಬೇಕಾಯಿತು. ಲಾಭ ಮಾಡಿದವರು ನಿಕಲ್ ತೆಗೆದವರಲ್ಲ, ನಿಕಲ್ ಇದೆ ಅನ್ನುವ ಖಾತ್ರಿಯನ್ನು ಮಾರಿದವರು.

ಗಣಿ ಹೂಡಿಕೆಯಲ್ಲಿ ಹೆಸರು ಮಾಡಿದ ಪಿಯರ್ ಲಸಾಂಡ್ ಇದನ್ನೇ ಒಂದು ಗೆರೆಯಾಗಿ ಬಿಡಿಸಿ ತೋರಿಸಿದರು. ಹೊಸ ನಿಕ್ಷೇಪ ಸಿಕ್ಕಾಗ ಷೇರು ಜಿಗಿಯುತ್ತದೆ. ಆಮೇಲೆ ಅನುಮತಿ, ಪರಿಸರ ವರದಿ, ಎಂಜಿನಿಯರಿಂಗ್ ಅಂತ ವರ್ಷಗಟ್ಟಲೆ ಕೆಲಸ. ಸುದ್ದಿ ಇಲ್ಲ, ಖರ್ಚು ಮಾತ್ರ. ಷೇರು ಇಳಿದು ಮಲಗುತ್ತದೆ. ಗಣಿ ಕಟ್ಟಲು ಹಣ ಒದಗಿ ಉತ್ಪಾದನೆ ಹತ್ತಿರವಾದಾಗ ಮತ್ತೆ ಏರುತ್ತದೆ, ಅಲ್ಲಿಯವರೆಗೆ ಬದುಕಿದ್ದರೆ. ನಿಕ್ಷೇಪ ಸಿಕ್ಕಿದ್ದರಿಂದ ಉತ್ಪಾದನೆಯವರೆಗೆ ಲೋಕದಲ್ಲಿ ಸರಾಸರಿ 15 ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಪೇಪರಿನಲ್ಲಿ ಸುದ್ದಿ ಓದಿ ಕೊಳ್ಳುವವನು ಹೆಚ್ಚಾಗಿ ಮೊದಲ ಶಿಖರದ ತುದಿಯಲ್ಲಿ ಕೊಂಡು, ಇಳಿಜಾರಿನಲ್ಲಿ ಬೇಸತ್ತು ಮಾರುತ್ತಾನೆ.

ಆಸ್ಟ್ರೇಲಿಯಾದ ಪೊಸೈಡನ್ ಈ ಗೆರೆಯ ಅತಿರೇಕ. 1969ರ ಸೆಪ್ಟೆಂಬರಿನಲ್ಲಿ 80 ಸೆಂಟ್ ಇದ್ದ ಷೇರು, ವಿಂಡಾರಾದಲ್ಲಿ ನಿಕಲ್ ಸಿಕ್ಕ ಸುದ್ದಿಗೆ 1970ರ ಫೆಬ್ರವರಿಯಲ್ಲಿ 280 ಡಾಲರ್ ಮುಟ್ಟಿತು. ವಿಯೆಟ್ನಾಂ ಯುದ್ಧ, ಕೆನಡಾದ ಗಣಿ ಮುಷ್ಕರಗಳಿಂದ ಆಗ ನಿಕಲ್ ಬೆಲೆ ಆಕಾಶದಲ್ಲಿತ್ತು. ಗಣಿ ಶುರುವಾಗುವ ಹೊತ್ತಿಗೆ ಬೆಲೆ ಇಳಿದಿತ್ತು, ಅದಿರಿನ ಗುಣವೂ ಎಣಿಸಿದಷ್ಟು ಇರಲಿಲ್ಲ. ಕಂಪನಿ ಮುಳುಗಿತು. ಇಲ್ಲಿ ನಿಕಲ್ ನಿಜ, ಸುದ್ದಿ ನಿಜ. ಬೆಲೆ ಮಾತ್ರ ನಿಜವಲ್ಲ.

ನಮ್ಮ ದೇಶದಲ್ಲಿ ಇಂಥ ಕಂಪನಿಗಳು ಬೆರಳೆಣಿಕೆಯಷ್ಟು. ರಾಯಚೂರಿನ ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ್ದು, ಷೇರುಪೇಟೆಯಲ್ಲಿಲ್ಲ. 2015ರಲ್ಲಿ ಗಣಿ ಕಾನೂನು ತಿದ್ದಿ ಹರಾಜು ಪದ್ಧತಿ ತಂದರು. ಪಾರದರ್ಶಕತೆ ಬಂತು. ಆದರೆ ಹುಡುಕಿದವನಿಗೇ ಗಣಿ ಸಿಗುತ್ತದೆ ಅನ್ನುವ ಖಾತ್ರಿ ಹೋಯಿತು. ಹಳೆಯ ಕಾನೂನಿನಡಿ ಬಾಕಿ ಉಳಿದಿದ್ದ ಅರ್ಜಿಗಳೂ 2021ರ ತಿದ್ದುಪಡಿಯಲ್ಲಿ ರದ್ದಾದವು. ಹಾವೇರಿ ಜಿಲ್ಲೆಯ ಗಣಜೂರು ಚಿನ್ನದ ಯೋಜನೆ ಸಿಕ್ಕಿಕೊಂಡಿದ್ದು ಇಂಥ ಸುಳಿಯಲ್ಲೇ. ನೆಲದಡಿ ಏನಿದೆ ಅನ್ನುವಷ್ಟೇ ಮುಖ್ಯ ನೆಲದ ಮೇಲಿನ ಕಾನೂನು ಏನು ಹೇಳುತ್ತದೆ ಅನ್ನುವುದು. 2023ರಲ್ಲಿ 29 ಖನಿಜಗಳಿಗೆ ಹೊಸ ಅನ್ವೇಷಣಾ ಪರವಾನಗಿ ಬಂದಿದೆ. ಹುಡುಕಿದವನಿಗೆ ಮುಂದಿನ ಹರಾಜಿನ ಪ್ರೀಮಿಯಂನಲ್ಲಿ, ಅಂದರೆ ಹರಾಜು ಗೆದ್ದವನು ಸರ್ಕಾರಕ್ಕೆ ಕೊಡುವ ಹಣದಲ್ಲಿ, ಪಾಲು ಸಿಗುತ್ತದೆ. ಸಣ್ಣ ಕಂಪನಿಗಳನ್ನು ಹುಟ್ಟಿಸಲು ಇಷ್ಟು ಸಾಕೇ ಅನ್ನುವ ಅನುಮಾನ ನನಗಿದೆ.

ಹಾಗಾದರೆ ಹಾಕಬೇಕಾ, ಬೇಡವಾ? ಒಂದು ಕಂಪನಿಯನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು, ಹತ್ತನ್ನು ಒಟ್ಟಿಗೆ ನೋಡಬೇಕು. ಲೆಕ್ಕಕ್ಕೆ ಅಂತ 2 ಲಕ್ಷ ತೆಗೆದುಕೊಳ್ಳಿ, ಒಂದೊಂದಕ್ಕೆ 20,000. ಐದು ಕಂಪನಿ ಹೆಚ್ಚುಕಡಿಮೆ ಸತ್ತವು, ಒಂದೊಂದರಿಂದ 2,000 ವಾಪಸ್ ಬಂತು. ಮೂರು ಅರ್ಧಕ್ಕಿಳಿದವು. ಒಂದು ಇದ್ದಲ್ಲೇ ಇದೆ. ಒಂಬತ್ತರಿಂದ ಒಟ್ಟು ಬಂದದ್ದು 60,000. ಉಳಿದ 1,40,000 ಹತ್ತನೆಯದರಿಂದಲೇ ಬರಬೇಕು, ಅಂದರೆ ಅದು ಏಳು ಪಟ್ಟಾಗಬೇಕು. ಅದು ಲಾಭಕ್ಕಲ್ಲ, ಸುಮ್ನೆ ಅಸಲಿಗೆ. ಬಹಳ ಜನ ಮೂರು ಪಟ್ಟಾದಾಗ ಖುಷಿಯಿಂದ ಮಾರಿ, ಸತ್ತ ಐದನ್ನು ಎಂದಾದರೂ ಏಳುತ್ತದೆ ಅಂತ ಇಟ್ಟುಕೊಳ್ಳುತ್ತಾರೆ. ಹಾಗೆ ಮಾಡಿದವರಿಗೆ ಇದೇ ಲೆಕ್ಕದಲ್ಲಿ 80,000 ನಷ್ಟ.

ಇನ್ನೊಂದು ಸಣ್ಣ ವಿಷಯ, ಕೊಳ್ಳುವ ಮೊದಲೇ ನೋಡಿಕೊಳ್ಳಬೇಕಾದ್ದು. ಈ ಷೇರುಗಳಲ್ಲಿ ಕೆಲವು ದಿನಕ್ಕೆ ಕೆಲವೇ ಸಾವಿರ ಕೈ ಬದಲಿಸುತ್ತವೆ. ಪರದೆಯ ಮೇಲೆ ಏಳು ಪಟ್ಟು ಕಂಡರೂ, ನಿಮ್ಮ ಪಾಲನ್ನೆಲ್ಲ ಆ ಬೆಲೆಗೆ ಕೊಳ್ಳುವವರು ಆ ದಿನ ಇರದೇ ಹೋಗಬಹುದು. ಕಳೆದ ಮೂರು ತಿಂಗಳಲ್ಲಿ ದಿನಕ್ಕೆ ಎಷ್ಟು ಷೇರು ಮಾರಾಟವಾಗಿದೆ ಅಂತ ನೋಡಿ, ಅದರ ಒಂದು ಸಣ್ಣ ಪಾಲಿಗಿಂತ ಜಾಸ್ತಿ ಕೊಳ್ಳಬೇಡಿ.